ವಿಯೆಟ್ನಾಂ, ಅಕ್ಟೋಬರ್ ಮಧ್ಯ, 9 ದಿನ, ಜೊತೆಗೆ ಅಪ್ಪ ಅಮ್ಮ – ಈ ಪ್ಲಾನ್ ನಡಿಯತ್ತಾ?

ಕಾಲಿಗೆ ಚಕ್ರ:

ಎಲ್ರಿಗೂ ನಮಸ್ಕಾರ. ಅಕ್ಟೋಬರ್ ಎರಡನೇ ವಾರ ವಿಯೆಟ್ನಾಂಗೆ ಹೋಗೋಣ ಅಂತಿದೀವಿ, ನಾನು, ಹೆಂಡ್ತಿ, ಅಪ್ಪ (66), ಅಮ್ಮ (61). ಒಟ್ಟು 9 ದಿನ ಇದೆ. ರಾತ್ರಿ ಎಲ್ಲಾ ವಿಡಿಯೋ ನೋಡಿ ನೋಡಿ ಒಂದು ಪ್ಲಾನ್ ಹಾಕಿದೀನಿ: ಹನೋಯ್ 1 ದಿನ, ಸಾಪಾ 1, ಹಾಲಾಂಗ್ ಬೇ ಕ್ರೂಸ್ 1, ದನಾಂಗ್ ಮತ್ತೆ ಹೋಯ್ ಆನ್ ಸೇರಿ 2, ಹೋ ಚಿ ಮಿನ್ ಸಿಟಿ 2, ಕೊನೇಗೆ ಫು ಕ್ವಾಕ್ ದ್ವೀಪ 2. ಹೆಂಡ್ತಿ ನೋಡಿ "ಇದು ಟ್ರಿಪ್ಪಾ ಇಲ್ಲಾ ಕೊರಿಯರ್ ಡೆಲಿವರಿನಾ" ಅಂದ್ಲು, ಅದಕ್ಕೇ ಇಲ್ಲಿ ಕೇಳ್ತಿದೀನಿ.

ನಾವೆಲ್ಲಾ ಸಸ್ಯಾಹಾರಿಗಳು, ಅಮ್ಮ ಮೊಟ್ಟೆ ಸೋಕಿದ್ದೂ ತಿನ್ನಲ್ಲ. ವೀಸಾ ಆನ್‌ಲೈನ್ ಆಗತ್ತೆ ಅಂತಾರೆ, ಏಜೆಂಟ್ ಬೇಕಾ ಬೇಡ್ವಾ? ದುಡ್ಡು ಕ್ಯಾಶ್ ಎಷ್ಟು ಇಟ್ಕೋಬೇಕು? ಆಮೇಲೆ ಇನ್ನೊಂದು, ಈಗೀಗ ಎಲ್ರೂ ಅಲ್ಲಿಗೇ ಹೋಗ್ತಿದಾರೆ, ಜನಜಂಗುಳಿ ಜಾಸ್ತಿ ಆಗಿ ಊರೆಲ್ಲಾ ಕೆಟ್ಟು ಹೋಗಿದೆ ಅಂತ ಒಬ್ರು ಹೇಳಿದ್ರು, ನಿಜಾನಾ? ಹೋಗಿ ಬಂದವರು ದಯವಿಟ್ಟು ಹೇಳಿ, ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.

ಹಳೇ ಚಪ್ಪಲಿ:

ಟಿಕೆಟ್ ಬುಕ್ ಮಾಡಿಲ್ಲ ಅಂದ್ರಲ್ಲ, ಬಚಾವ್ ಆದ್ರಿ.

ಗುರು, ಮೊದಲು ಮ್ಯಾಪ್ ತೆಗೆದು ನೋಡಿ. ಹನೋಯಿಂದ ಹೋ ಚಿ ಮಿನ್ ಸಿಟಿಗೆ ರೈಲ್ವೆ ಲೈನೇ 1,726 ಕಿಲೋಮೀಟರ್ ಇದೆ, ರೈಲಲ್ಲಿ ಹೋದ್ರೆ ಒಂದೂವರೆ ದಿನಕ್ಕೆ ಹತ್ತಿರ ಆಗತ್ತೆ. ಹಗ್ಗದ ಥರ ಉದ್ದಕ್ಕೆ ಮಲಗಿರೋ ದೇಶ ಅದು. ಅದರ ಹವಾಮಾನಾನೂ ಒಂದಲ್ಲ, ಮೂರು. ಎಲ್ರೂ ಎಡವೋದು ಇಲ್ಲೇ. "ವಿಯೆಟ್ನಾಂಗೆ ಯಾವಾಗ ಹೋಗ್ಬೇಕು" ಅನ್ನೋ ಪ್ರಶ್ನೆಗೆ ಉತ್ತರಾನೇ ಇಲ್ಲ, ವಿಯೆಟ್ನಾಂನಲ್ಲಿ *ಎಲ್ಲಿಗೆ* ಅಂತ ಕೇಳ್ಬೇಕು. ಅಕ್ಟೋಬರ್‌ನಲ್ಲಿ ಉತ್ತರ ಭಾಗ ಸ್ವರ್ಗ, ದಕ್ಷಿಣದಲ್ಲಿ ಮಳೆಗಾಲದ ಬಾಲ, ಮಧ್ಯಾಹ್ನ ಸಂಜೆ ಹೊತ್ತಿಗೆ ಜೋರಾಗಿ ಸುರಿದು ನಿಲ್ಲತ್ತೆ, ಆದ್ರೆ ನಡುಭಾಗ ಇದೆಯಲ್ಲ, ಹುಯೆ, ದನಾಂಗ್, ಹೋಯ್ ಆನ್, ಅಲ್ಲಿ ನಿಜವಾದ ಮಳೆಗಾಲ ಶುರು ಆಗೋದೇ ಆವಾಗ. ಅಕ್ಟೋಬರ್ ನವೆಂಬರ್ ಅಂದ್ರೆ ಅಲ್ಲಿ ಚಂಡಮಾರುತ, ಪ್ರವಾಹ. 2025ರ ಅಕ್ಟೋಬರ್ ಕೊನೇಲಿ ಹುಯೆ, ಹೋಯ್ ಆನ್ ಎರಡೂ ಮುಳುಗಿದ್ದು ನ್ಯೂಸಲ್ಲಿ ನೋಡಿರ್ತೀರ.

ನಾನು ಅದಕ್ಕೂ ಕೆಲವು ವರ್ಷ ಮುಂಚೆ ಇದೇ ತಪ್ಪು ಮಾಡಿದ್ದೆ. ಹೋಯ್ ಆನ್‌ಗೆ ರಾತ್ರಿ ತಲುಪಿದಾಗ ಲಾಂದ್ರದ ಬೆಳಕು, ನದಿ, ಎಲ್ಲಾ ಫೋಟೋದಲ್ಲಿ ಇದ್ದಂಗೇ ಇತ್ತು. ಬೆಳಿಗ್ಗೆ ಎದ್ದು ನೋಡಿದ್ರೆ ತೂ ಬೋನ್ ನದಿ ರಸ್ತೆಗೆ ಬಂದಿದೆ, ಹೋಟೆಲ್ ಮೆಟ್ಟಿಲು ಎರಡು ಕಾಣ್ತಿಲ್ಲ. ನಾನು ಗಾಬರಿ, ಊರವರಿಗೆ ಏನೂ ಇಲ್ಲ! ಎದುರುಗಡೆ ಬಟ್ಟೆ ಅಂಗಡಿ ಹೆಂಗಸು ಮೇಲಿನ ಅಟ್ಟದ ಮುಚ್ಚಳ ತೆಗೆಸಿ, ಕೆಳಗಿಂದ ಒಂದೊಂದೇ ಬಟ್ಟೆ ಗಂಟು ಹಗ್ಗಕ್ಕೆ ಕಟ್ಟಿ ಮೇಲಕ್ಕೆ ಎಳೆಸ್ತಾ ಇದ್ಲು, ಮಧ್ಯೆ ಮಧ್ಯೆ ಫೋನಲ್ಲಿ ಮಾತಾಡ್ಕೊಂಡು. ಅಲ್ಲಿ ಹಳೇ ಮನೆಗಳ ಅಟ್ಟದಲ್ಲಿ ಇದಕ್ಕೇ ಅಂತ ಚೌಕ ಕಿಂಡಿ ಬಿಟ್ಟಿರ್ತಾರೆ. ತಾನ್ ಕೀ ಅಂತ ಒಂದು ಹಳೇ ವರ್ತಕರ ಮನೆ ಇದೆ, ನೋಡೋಕೆ ಬಿಡ್ತಾರೆ, ಅದರ ಗೋಡೇಲಿ ಯಾವ ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಗುರುತು ಹಾಕಿದಾರೆ, 1964ರ ಗುರುತು ನನ್ನ ತಲೆ ಮೇಲಿತ್ತು. ನೋಡೋಕೆ ಮಜಾ ಇತ್ತು ಒಪ್ಕೋತೀನಿ, ಆದ್ರೆ ಅಪ್ಪ ಅಮ್ಮನ್ನ ದೋಣೀಲಿ ಕೂರಿಸಿ ಹೋಟೆಲಿಂದ ಹೊರಗೆ ಕರ್ಕೊಂಡು ಬರೋ ಮಜಾ ನಿಮಗೆ ಬೇಡ.

ಸಾಪಾನೂ ಬಿಡಿ. ಹನೋಯಿಂದ ಬಸ್ಸಲ್ಲಿ ಐದಾರು ಗಂಟೆ, ಒಂದು ದಿನಕ್ಕೆ ಹೋಗಿ ಬರೋದು ಅಂದ್ರೆ ಬರೀ ಸೀಟ್ ಸವೆಸೋದು. ಎಲ್ರೂ ವಿಡಿಯೋಲಿ ತೋರಿಸೋ ಬಂಗಾರದ ಬಣ್ಣದ ಮೆಟ್ಟಿಲು ಗದ್ದೆ ಸೆಪ್ಟೆಂಬರ್‌ದು, ನೀವು ಹೋಗೋ ಹೊತ್ತಿಗೆ ಬಹುತೇಕ ಕೊಯ್ಲಾಗಿ ಬರೀ ಕೂಳೆ ಇರತ್ತೆ. ಫು ಕ್ವಾಕ್‌ನಲ್ಲೂ ಅಕ್ಟೋಬರ್ ಇನ್ನೂ ಮಳೆ, ಅದರ ಸೀಸನ್ ನವೆಂಬರ್ ಮೇಲೆ.

ನನ್ನ ಕೇಳಿದ್ರೆ ಹನೋಯ್ 4 ದಿನ, ನಿನ್ ಬಿನ್ (ಹನೋಯ್ ಹತ್ರ ಸುಣ್ಣಕಲ್ಲಿನ ಗುಡ್ಡ, ದೋಣಿ ಸುತ್ತಾಟದ ಜಾಗ) 2, ಹಾಲಾಂಗ್ ಕಡೆ ಒಂದು ರಾತ್ರಿ, ಉಳಿದಿದ್ದು ಸುಮ್ನೆ. ಅಕ್ಟೋಬರ್ ಹನೋಯ್ ಬೇರೇನೇ. ಬಿಸಿಲು ಹಿತ, ಬೀದೀಲಿ ಹೆಂಗಸರು ಎಳೇ ಭತ್ತದ ಹಸಿರು ಅವಲಕ್ಕಿ ತಾವರೆ ಎಲೇಲಿ ಸುತ್ತಿ ಮಾರ್ತಾರೆ, 'ಕೋಮ್' ಅಂತಾರೆ, ಸುಮ್ನೆ ಬಾಯಿಗೆ ಹಾಕ್ಕೊಂಡ್ರೆ ಹಾಲುಗಾಳಿನ ರುಚಿ. ಸಂಜೆ ಆಗ್ತಿದ್ದಂಗೆ ಒಂದು ಘಾಟು ಘಾಟು ಹೂವಿನ ವಾಸನೆ ಇಡೀ ರಸ್ತೆ ಹಿಡಿಯತ್ತೆ. ಅವರಲ್ಲಿ ಅದರ ಮೇಲೆ ಹಾಡೆಲ್ಲಾ ಕಟ್ಟಿದಾರೆ. ಯಾವ ಮರ ಅಂತ ಹುಡುಕಿದ್ರೆ ನಮ್ಮ ಹಾಲೆ ಮರ! ಒಂದೇ ಜಾತಿ.

ಚಿಲ್ಲರೆ ಅಂಗಡಿ:

ವೀಸಾ ಮತ್ತೆ ದುಡ್ಡಿನ ವಿಷ್ಯ ನಾನು ಹೇಳ್ತೀನಿ, ಉಳಿದಿದ್ದು ಚಪ್ಪಲಿ ಸರ್ ಹೇಳಿದ್ದು ಸರಿ ಇದೆ.

ಏಜೆಂಟ್ ಬೇಡವೇ ಬೇಡ. 2023ರ ಆಗಸ್ಟ್ 15ರಿಂದ ಎಲ್ಲಾ ದೇಶದವರಿಗೂ ಇ-ವೀಸಾ ಮಾಡಿದಾರೆ, 90 ದಿನದವರೆಗೆ ಸಿಗತ್ತೆ, ಒಂದು ಸಲ ಒಳಗೆ ಹೋಗೋಕೆ 25 ಡಾಲರ್, ಹಲವು ಸಲಕ್ಕೆ 50 ಡಾಲರ್, ರಿಜೆಕ್ಟ್ ಆದ್ರೆ ದುಡ್ಡು ವಾಪಸ್ ಇಲ್ಲ. ಗೂಗಲ್ ಮಾಡಿದ್ರೆ ಮೇಲ್ಮೇಲೆ ಬರೋದೆಲ್ಲಾ ಸರ್ಕಾರದ್ದು ಥರ ಕಾಣೋ ಖಾಸಗಿ ಸೈಟ್‌ಗಳು, ಡಬಲ್ ತ್ರಿಬಲ್ ಕೀಳ್ತಾರೆ. ಅಸಲಿ ಸೈಟಿನ ಅಡ್ರೆಸ್ 'ಗವ್ ಡಾಟ್ ವಿಎನ್' ಅಂತ ಮುಗೀಬೇಕು, ಅದನ್ನ ನೋಡ್ಕೊಳಿ. ಮೂರು ಕೆಲಸದ ದಿನ ಅಂತ ಬರೆದಿರತ್ತೆ, ನೀವು ಎರಡು ಮೂರು ವಾರ ಮುಂಚೆನೇ ಹಾಕಿ, ಅವರ ರಜೆ ಮಧ್ಯೆ ಬಂದ್ರೆ ಫೈಲ್ ಅಲ್ಲಾಡಲ್ಲ.

ಹೆಚ್ಚು ಜನ ಒದ್ದಾಡೋದು ಹೆಸರಲ್ಲಿ. ನಮ್ಮಲ್ಲಿ ಅರ್ಧ ಜನರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲಾ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಊರ ಹೆಸರು ಎಲ್ಲಾ ಸೇರಿ ರೈಲು ಥರ ಇರತ್ತೆ. ಪಾಸ್‌ಪೋರ್ಟ್ ಫೋಟೋ ಪೇಜ್ ಕೆಳಗಡೆ ಎರಡು ಸಾಲು ಬಾಣದ ಗುರುತು ಇರ್ತಾವಲ್ಲ, ಅದರಲ್ಲಿ ಹೆಂಗಿದೆಯೋ ಹಂಗೇ ಅಕ್ಷರ ಬಿಡದೆ ಟೈಪ್ ಮಾಡಿ. ಹುಟ್ಟಿದ ತಾರೀಕು, ಪಾಸ್‌ಪೋರ್ಟ್ ನಂಬರ್ ಎರಡೆರಡು ಸಲ ನೋಡಿ. ನನ್ನ ಭಾವ ಒಂದು ನಂಬರ್ ತಪ್ಪು ಹಾಕಿ, ವೀಸಾ ಬಂದ್ಮೇಲೂ ನೋಡ್ಕೊಳ್ದೆ, ಚೆಕಿನ್ ಕೌಂಟರಲ್ಲಿ ಗೊತ್ತಾಗಿ ನಮ್ಮನ್ನ ಕಳಿಸಿ ಅವನು ಮೂರು ದಿನ ಲೇಟಾಗಿ ಬಂದ. ಅವನ ಪಾಲಿನ ಕ್ರೂಸ್ ಊಟ ನಾವು ತಿಂದ್ವಿ ಅದು ಬೇರೆ ಮಾತು. ಎಂಟ್ರಿ ಪೋರ್ಟ್ ಅಂತ ಕೇಳತ್ತೆ, ನೀವು ಇಳಿಯೋ ಏರ್‌ಪೋರ್ಟ್‌ನೇ ಆರಿಸಿ. ವೀಸಾ ಶುರು ಆಗೋ ತಾರೀಕಿಗಿಂತ ಒಂದು ಗಂಟೆ ಮುಂಚೆ ಇಳಿದ್ರೂ ತೊಂದ್ರೆ, ರಾತ್ರಿ ಹನ್ನೊಂದೂವರೆಗೆ ಇಳಿಯೋ ಫ್ಲೈಟ್ ಇದ್ರೆ ಹುಷಾರು.

ಫು ಕ್ವಾಕ್‌ಗೆ ಮಾತ್ರ ನೇರವಾಗಿ ಹೋಗಿ ಅಲ್ಲೇ ಇದ್ದು ಅಲ್ಲಿಂದಾನೇ ವಾಪಸ್ ಬರೋದಾದ್ರೆ 30 ದಿನ ವೀಸಾನೇ ಬೇಡ. ದ್ವೀಪದಿಂದ ದೇಶದ ಬೇರೆ ಊರಿಗೆ ಕಾಲಿಡೋ ಹಾಗಿದ್ರೆ ಬೇಕು. ಇದನ್ನ ಅರ್ಧಂಬರ್ಧ ಕೇಳಿಸ್ಕೊಂಡು "ವಿಯೆಟ್ನಾಂಗೆ ವೀಸಾ ಬೇಡ" ಅಂತ ಹೇಳೋರು ಇದಾರೆ, ನಂಬ್ಬೇಡಿ.

ದುಡ್ಡು ಡಾಂಗ್. ಒಂದು ಡಾಲರಿಗೆ 25-26 ಸಾವಿರ ಡಾಂಗ್ ಹತ್ರ ಬರತ್ತೆ, ರೂಪಾಯಿಗೆ ಮೊನ್ನೆ ಮೊನ್ನೆವರೆಗೂ 300 ಆಸುಪಾಸು ಇತ್ತು, ಹೋಗೋ ಮುಂಚೆ ನೋಡ್ಕೊಳಿ. ಮೊದಲ ದಿನ ಎಲ್ರೂ ಕೋಟ್ಯಾಧಿಪತಿಗಳು. ಬಾಯಲ್ಲಿ ಹೇಳೋವಾಗ ಸಾವಿರ ಬಿಟ್ಟುಬಿಡ್ತಾರೆ, "ಐವತ್ತು" ಅಂದ್ರೆ 50,000. ಈಗ ಮುಖ್ಯ ವಿಷ್ಯ: 20,000 ನೋಟು, 5,00,000 ನೋಟು ಎರಡೂ ನೀಲಿ. ಪ್ಲಾಸ್ಟಿಕ್ ನೋಟು, ಎರಡರಲ್ಲೂ ಹೋ ಚಿ ಮಿನ್ ಮುಖ, ಬೀದಿ ದೀಪದ ಬೆಳಕಲ್ಲಿ ದೇವರಾಣೆ ಗೊತ್ತಾಗಲ್ಲ. ಹಿಂದೆ ತಿರುಗಿಸಿ ನೋಡಿ, 20,000ದಲ್ಲಿ ಹೋಯ್ ಆನ್‌ನ ಜಪಾನೀ ಸೇತುವೆ ಇದೆ, 5 ಲಕ್ಷದ್ದರಲ್ಲಿ ಹೋ ಚಿ ಮಿನ್ ಹುಟ್ಟೂರಿನ ಹುಲ್ಲು ಮಾಡಿನ ಮನೆ. ನಮ್ಮಮ್ಮ ಹನೋಯಲ್ಲಿ ಸುಟ್ಟ ಜೋಳಕ್ಕೆ 20,000 ಅಂತ 5 ಲಕ್ಷ ಕೊಟ್ಟು ಬಂದಿದ್ರು. ಆ ಅಜ್ಜಿ ಒಲೆ ಬಿಟ್ಟು, ಬೀಸಣಿಗೆ ಕೈಯಲ್ಲಿ ಹಿಡ್ಕೊಂಡೇ ನಾಲ್ಕು ಅಂಗಡಿ ಆಚೆ ಓಡಿ ಬಂದು ನೋಟು ವಾಪಸ್ ಕೊಟ್ಟು ಅಮ್ಮನ ಕೈ ಮೇಲೆ ಒಂದು ಪೆಟ್ಟು ಬೇರೆ ಹಾಕಿದ್ರು, ಬುದ್ಧಿ ಇಲ್ವಾ ಅನ್ನೋ ಥರ. ಅದೇ ಏರ್‌ಪೋರ್ಟ್ ಹೊರಗಡೆ ಕೈ ಹಿಡಿದು ಎಳೆದ ಟ್ಯಾಕ್ಸಿಯವನು ಅದೇ ಥರ ಕೊಟ್ಟ ನೋಟನ್ನ ಸದ್ದಿಲ್ದೆ ಜೇಬಿಗೆ ಇಳಿಸಿದ್ದ. ಅದಕ್ಕೇ ಗ್ರ್ಯಾಬ್ ಆ್ಯಪ್ ಹಾಕ್ಕೊಳಿ, ಇಲ್ಲಾ ಸಯಾನ್ ಬಣ್ಣದ ಶಾನ್ ಎಸ್‌ಎಂ ಎಲೆಕ್ಟ್ರಿಕ್ ಕಾರುಗಳು, ಅದರದ್ದೂ ಆ್ಯಪ್ ಇದೆ, ರೇಟ್ ಮೊದಲೇ ತೋರಿಸತ್ತೆ. ದೊಡ್ಡ ಹೋಟೆಲಲ್ಲಿ ಕಾರ್ಡ್ ನಡಿಯತ್ತೆ, ಬೀದೀಲಿ ಕ್ಯಾಶ್. ಅಲ್ಲೆಲ್ಲಾ ಕ್ಯೂಆರ್ ಕೋಡ್ ಅಂಟಿಸಿರ್ತಾರೆ ಅಂತ ಖುಷಿ ಪಡ್ಬೇಡಿ, ಅದು ಹೆಚ್ಚಾಗಿ ಅಲ್ಲಿನ ಬ್ಯಾಂಕ್ ಅಕೌಂಟ್ ಇರೋರಿಗೆ.

ಇನ್ನೊಂದು ಸಣ್ಣದು. 2025ರ ಜುಲೈ 1ಕ್ಕೆ ಅವರು 63 ಪ್ರಾಂತ್ಯಗಳನ್ನ ಸೇರಿಸಿ 34 ಮಾಡಿಬಿಟ್ರು, ಜಿಲ್ಲೆ ಮಟ್ಟಾನೇ ತೆಗೆದ್ರು. ಹೋಯ್ ಆನ್ ಈಗ ದನಾಂಗ್ ನಗರದ ಒಳಗೆ, ಫು ಕ್ವಾಕ್ ಆನ್ ಜಾಂಗ್ ಪ್ರಾಂತ್ಯಕ್ಕೆ. ಹೋಟೆಲ್ ಅಡ್ರೆಸ್ಸಲ್ಲಿ ಒಂದು ಹೆಸರು, ಮ್ಯಾಪಲ್ಲಿ ಇನ್ನೊಂದು ಕಂಡ್ರೆ ಮೋಸ ಅಂದ್ಕೋಬೇಡಿ. ಹೋ ಚಿ ಮಿನ್ ಸಿಟಿಯವರು, ಅದೇ ಹಳೇ ಸೈಗಾನ್‌ನವರು, ಇನ್ನೂ "ಡಿಸ್ಟ್ರಿಕ್ಟ್ ಒನ್" ಅಂತಾನೇ ಹೇಳೋದು.

ಕೊಡೆ ಮರೆತವಳು:

ಊಟದ ಬಗ್ಗೆ ಯಾರೂ ಹೇಳಿಲ್ಲ ಇನ್ನೂ, ಅದೇ ಅಲ್ವಾ ನಮಗೆಲ್ಲಾ ಮೊದಲ ಚಿಂತೆ :)

ಅತ್ತೆ ಜೊತೆ ಹೋಗಿದ್ದೆ, ಅವರು ಈರುಳ್ಳಿ ಬೆಳ್ಳುಳ್ಳಿನೂ ತಿನ್ನಲ್ಲ. ಸೂಟ್‌ಕೇಸ್ ಅರ್ಧ ಚಟ್ನಿಪುಡಿ, ಅವಲಕ್ಕಿ ತುಂಬ್ಕೊಂಡು ಹೋಗಿದ್ವಿ, ಮುಕ್ಕಾಲು ಪಾಲು ಹಂಗೇ ವಾಪಸ್ ಬಂತು. 'ಚಾಯ್' ಅನ್ನೋ ಒಂದು ಪದ ಕಲಿತ್ಕೊಳಿ. ಚಹಾ ಅಲ್ಲ, ಸಸ್ಯಾಹಾರ ಅಂತ. 'ಕಮ್ ಚಾಯ್' ಅಂತ ಬೋರ್ಡ್ ಇದ್ರೆ ಬೌದ್ಧರ ಶುದ್ಧ ಸಸ್ಯಾಹಾರಿ ಅನ್ನದ ಹೋಟೆಲ್. ಬೌದ್ಧ ಕ್ರಮದಲ್ಲಿ ಈರುಳ್ಳಿ ಬೆಳ್ಳುಳ್ಳಿನೂ ವರ್ಜ್ಯ, ಅದಕ್ಕೆ ಅತ್ತೆಗೆ ಇಂಡಿಯನ್ ಹೋಟೆಲಿಗಿಂತ ಇದೇ ಅನುಕೂಲ ಆಯ್ತು. ಅಲ್ಲಿನ ಜನ ಅಮಾವಾಸ್ಯೆ ಹುಣ್ಣಿಮೆಗೆ ಮಾಂಸ ಬಿಡೋದು ಉಂಟು, ಆ ಎರಡು ದಿನ ಮಾಮೂಲಿ ಅಂಗಡೀಲೂ ಚಾಯ್ ಅಡುಗೆ ಕಾಣತ್ತೆ, ಚಾಯ್ ಹೋಟೆಲಲ್ಲಂತೂ ಸೀಟ್ ಸಿಗಲ್ಲ.

ತಟ್ಟೇಲಿ ಬರೋದು ನೋಡಿ ಹೆದರ್ಬೇಡಿ. ಹೋ ಚಿ ಮಿನ್ ಸಿಟೀಲಿ ಒಂದು ಕಡೆ ಅತ್ತೆ ತಟ್ಟೇಲಿ ಸಿಗಡಿ ಬಂತು, ಸೊಟ್ಟಗೆ ಬಾಗಿಕೊಂಡು, ಬೆನ್ನ ಮೇಲೆ ಕೆಂಪು ಕೆಂಪು ಪಟ್ಟೆ ಸಮೇತ. ಅತ್ತೆ ತಟ್ಟೆ ದೂರ ತಳ್ಳಿ ಕೈ ತೊಳ್ಕೊಳೋಕೆ ಎದ್ದೇ ಬಿಟ್ರು. ಅಂಗಡಿ ಹುಡುಗಿ ನಗ್ತಾ ಒಳಗಿಂದ ಪ್ಯಾಕೆಟ್ ತಂದು ತೋರಿಸಿದ್ಲು, ಏನೋ ಗೆಡ್ಡೆ ಹಿಟ್ಟಲ್ಲಿ ಅಚ್ಚು ಹಾಕಿ ಬಣ್ಣ ಬಳಿದಿದ್ದು. ಅತ್ತೆ ಕೂತ್ರು, ತಿನ್ನಲಿಲ್ಲ ಮಾತ್ರ, ಬರೀ ಅನ್ನ, ಹುರಿದ ತೋಫು, ಕುಂಬಳಕಾಯಿ ಸಾರು ತಿಂದ್ರು.

ಮಾಮೂಲಿ ಹೋಟೆಲಲ್ಲಿ "ವೆಜ್" ಅಂದ್ರೆ ಮಾಂಸದ ತುಂಡು ಇಲ್ಲ ಅಂತ ಅಷ್ಟೇ. ಮೀನಿನ ರಸ, ಅವರು 'ನ್ಯುಕ್ ಮಾಮ್' ಅಂತಾರೆ, ಅದು ನಮ್ಮಲ್ಲಿ ಉಪ್ಪು ಇದ್ದಂಗೆ, ಎಲ್ಲಾದಕ್ಕೂ ಹಾಕ್ತಾರೆ, ಸೊಪ್ಪಿನ ಪಲ್ಯಕ್ಕೂ. ಫೋ ನೂಡಲ್ಸ್ ಸಾರು ಅಂತೂ ಮೂಳೆ ಬೇಯಿಸಿದ್ದೇ, ಮೇಲೆ ತರಕಾರಿ ಹಾಕಿದ್ರೆ ವೆಜ್ ಆಗಲ್ಲ, 'ಫೋ ಚಾಯ್' ಅಂತಾನೇ ಕೇಳಿ. "ಖೋಮ್ ನ್ಯುಕ್ ಮಾಮ್" ಅಂದ್ರೆ ಮೀನಿನ ರಸ ಬೇಡ. ನಾನು ಹೇಳಿದ್ರೆ ಯಾರಿಗೂ ಅರ್ಥ ಆಗ್ತಿರ್ಲಿಲ್ಲ, ಅವರ ಭಾಷೇಲಿ ಸ್ವರ ತಪ್ಪಿದ್ರೆ ಅರ್ಥಾನೇ ಬೇರೆ, ಫೋನಲ್ಲಿ ಟೈಪ್ ಮಾಡಿ ತೋರಿಸಿ. ನಿಮ್ಮಮ್ಮಂಗೆ ಇನ್ನೊಂದು ಎಚ್ಚರಿಕೆ, ಹನೋಯಲ್ಲಿ ಎಲ್ರೂ ಹೊಗಳೋ ಆ ಎಗ್ ಕಾಫಿ, 1946ರಲ್ಲಿ ಹಾಲು ಸಿಗ್ದಿದ್ದಾಗ ಮೊಟ್ಟೆಯ ಹಳದಿನ ನೊರೆ ಬರೋವರೆಗೆ ಕಡೆದು ಹಾಕಿ ಶುರು ಮಾಡಿದ್ದು, ಮೇಲಿರೋದು ಕೆನೆ ಥರಾನೇ ಕಾಣತ್ತೆ. ಪಕ್ಕದ ಕಪ್ಪಿಂದ ಗುಟುಕು ಕುಡಿಯೋಕೆ ಬಿಡ್ಬೇಡಿ. ತೆಂಗಿನಹಾಲಿನ ಕಾಫಿ ಕೊಡ್ಸಿ.

ಕಲ್ಲು ನೋಡೋ ಹುಚ್ಚ:

ಚಪ್ಪಲಿಯವರು ಇಡೀ ನಡುಭಾಗಾನ ಒಂದೇ ಏಟಿಗೆ ಹೊಡೆದು ಹಾಕಿದ್ದು ನಂಗೆ ಹೊಟ್ಟೆ ಉರೀತು ಮಾರಾಯ್ರೆ. ಅಕ್ಟೋಬರ್ ಬೇಡ ಅನ್ನೋದಕ್ಕೆ ನಂದೂ ಒಪ್ಪಿಗೆ. ಆದ್ರೆ ದೇಶಕ್ಕೆ ಒಂದೇ ಸಲ ಹೋಗೋದು ಅಂತಿದ್ರೆ ತಾರೀಕನ್ನೇ ಮಾರ್ಚ್ ಏಪ್ರಿಲ್‌ಗೆ ತಳ್ಳಿ, ಮೀ ಸನ್ ನೋಡಿ.

ದನಾಂಗ್‌ನಿಂದ ಒಂದೂವರೆ ಗಂಟೆ ಒಳಗೆ, ಸುತ್ತ ಗುಡ್ಡ, ಮಧ್ಯೆ ಇಟ್ಟಿಗೆ ಗುಡಿಗಳು. ಆ ನಡುಭಾಗ ಆಳ್ತಿದ್ದ ಹಳೇ ಚಂಪಾ ರಾಜ್ಯದ ರಾಜರು ಕಟ್ಟಿಸಿದ್ದು, 4ನೇ ಶತಮಾನದಲ್ಲಿ ಭದ್ರವರ್ಮ ಅನ್ನೋ ರಾಜ ಭದ್ರೇಶ್ವರ ಅಂತ ಶಿವನ್ನ ಸ್ಥಾಪನೆ ಮಾಡಿದ, ತನ್ನ ಹೆಸರಿಗೇ ಈಶ್ವರ ಸೇರಿಸಿ. ಅಲ್ಲಿಂದ 13ನೇ ಶತಮಾನದವರೆಗೂ ಕಟ್ಟಿದಾರೆ. ಸಂಸ್ಕೃತ ಶಾಸನ ಇದೆ. 1969ರಲ್ಲಿ ಅಮೆರಿಕದ ಬಾಂಬಿಗೆ ದೊಡ್ಡ ಗೋಪುರ ಹೋಯ್ತು, ಬಾಂಬ್ ಬಿದ್ದ ಗುಂಡಿಗಳು ಈಗ್ಲೂ ಹುಲ್ಲು ತುಂಬ್ಕೊಂಡು ಗುಡಿ ಪಕ್ಕದಲ್ಲೇ ಇವೆ. ಭಾರತದ ಪುರಾತತ್ವ ಇಲಾಖೆಯವರು 2017ರಿಂದ ಕೆಲವು ಗುಂಪಿನ ಗುಡಿಗಳನ್ನ ಸರಿ ಮಾಡಿದ್ರು, 2020ರ ಮೇನಲ್ಲಿ ಅಗೀತಾ ಇದ್ದಾಗ 9ನೇ ಶತಮಾನದ ಏಕಶಿಲೆ ಲಿಂಗ ಸಿಕ್ತು. ಬೆಳಿಗ್ಗೆ ಗೇಟ್ ತೆಗೆದ ತಕ್ಷಣ ಹೋಗಿ. ನಾನು ಹೋದಾಗ ನಾನು, ಒಬ್ಬ ಕಸ ಗುಡಿಸೋನು ಅಷ್ಟೇ. ಇಟ್ಟಿಗೆ ಮಧ್ಯೆ ಉಗುರು ಹೋಗಲ್ಲ, ಗಾರೆ ಕಾಣಲ್ಲ, ಹಳೇ ಇಟ್ಟಿಗೆ ಇನ್ನೂ ಕೆಂಪಗೆ ಇದೆ, ಆಮೇಲೆ ಕಟ್ಟಿದ ಕಡೆ ಪಾಚಿ ಹಿಡಿದು ಕಪ್ಪಾಗಿದೆ. ಅದು ಹೆಂಗೆ ಅಂತ ಅರ್ಧ ಗಂಟೆ ಅದನ್ನೇ ನೋಡ್ತಾ ನಿಂತಿದ್ದೆ. ಒಂಬತ್ತೂವರೆಗೆ ಬಸ್ಸುಗಳು ಬಂದ್ವು, ಮುಗೀತು.

ಜನಜಂಗುಳಿ ಕೇಳಿದ್ರಲ್ಲ. ಜನ ಜಾಸ್ತಿ ಆಗಿರೋದು ಖರೆ. ಕೊರೋನಾ ಮುಂಚೆ 2019ರಲ್ಲಿ 1.8 ಕೋಟಿ ವಿದೇಶೀಯರು ಬಂದಿದ್ರು, 2024ರಲ್ಲಿ 1.76 ಕೋಟಿ, 2025ರಲ್ಲಿ 2.1 ಕೋಟಿ ದಾಟ್ತು. ಕೊರಿಯಾದವರು ಚೀನಾದವರು ಜಾಸ್ತಿ, ಆದ್ರೆ ನಮ್ಮವರೂ ಕಡಿಮೆ ಇಲ್ಲ, 2019ರಲ್ಲಿ 1.7 ಲಕ್ಷ ಇದ್ದೋರು 2024ರಲ್ಲಿ 5 ಲಕ್ಷ. ನೇರ ಫ್ಲೈಟು, ಇ-ವೀಸಾ ಎರಡೂ ಸೇರಿ ಹಂಗಾಯ್ತು. ಆದ್ರೆ ಈ ಜನ ಎಲ್ಲಾ ಹೋಗೋದು ಅದೇ ಎಂಟು ಹತ್ತು ಜಾಗಕ್ಕೆ, ಅದೇ ಹೊತ್ತಿಗೆ. ದನಾಂಗ್ ಹತ್ರದ ಬಾನಾ ಹಿಲ್ಸ್‌ನ ಆ ಕೈ ಮೇಲಿನ ಬಂಗಾರದ ಸೇತುವೆ ನೋಡಿರ್ತೀರ. 2018ರಲ್ಲಿ ಕಟ್ಟಿದ್ದು, 150 ಮೀಟರ್ ಉದ್ದ, ಕೈ ಕಲ್ಲಿಂದಲ್ಲ, ಫೈಬರ್‌ಗ್ಲಾಸ್. ಹನ್ನೊಂದು ಗಂಟೆಗೆ ಹೋದ್ರೆ ಸೇತುವೆ ಕಾಣಲ್ಲ, ಬರೀ ಸೆಲ್ಫಿ ಕಡ್ಡಿಗಳು. ಊರು ಕೆಟ್ಟಿಲ್ಲ, ಟೈಮಿಂಗ್ ಕೆಟ್ಟಿದೆ. ಎರಡು ಬೀದಿ ಆಚೆ ಹೋದ್ರೆ ನೀಲಿ ಪ್ಲಾಸ್ಟಿಕ್ ಸ್ಟೂಲಲ್ಲಿ ಕೂತು ಚದುರಂಗ ಆಡೋ ಮುದುಕರು ಬಿಟ್ಟು ಯಾರೂ ಇರಲ್ಲ.

ಹಂಗಂತ ಜನವರಿ ಕೊನೆ ಫೆಬ್ರವರಿಲಿ ಟೆಟ್ ಹಬ್ಬಕ್ಕೆ ಸಿಕ್ಕಿ ಹಾಕ್ಕೋಬೇಡಿ, ಅವರ ಹೊಸ ವರ್ಷ, 2027ರಲ್ಲಿ ಫೆಬ್ರವರಿ 6ಕ್ಕೆ. ಅಂಗಡಿ ಬಂದ್, ಬಸ್ಸು ರೈಲು ತುಂಬಿರತ್ತೆ.

ಕಾಲಿಗೆ ಚಕ್ರ:

ಅಬ್ಬಾ ಇಷ್ಟೊಂದು ಬರೆದಿದೀರ, ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಹೆಂಡ್ತಿಗೆ ತೋರಿಸಿದೆ, "ನಾನು ಹೇಳಿದ್ದನ್ನೇ ನಾಲ್ಕು ಜನ ಹೇಳ್ಬೇಕಾಯ್ತು" ಅಂದ್ಲು.

ಮಾರ್ಚ್‌ಗೆ ತಳ್ಳೋಕೆ ಆಗಲ್ಲ, ಅಪ್ಪಂಗೆ ಈ ಅಕ್ಟೋಬರ್ ಆದ್ಮೇಲೆ ಕಣ್ಣಿನ ಆಪರೇಷನ್ ಇದೆ. ಹಂಗಾಗಿ ಬರೀ ಉತ್ತರ. ಹನೋಯ್ 4, ನಿನ್ ಬಿನ್ 2, ಕ್ರೂಸ್ 1 ರಾತ್ರಿ, ಮತ್ತೆ ಹನೋಯ್. ಮೀ ಸನ್ ಮನಸ್ಸಲ್ಲಿ ಇಟ್ಕೊಂಡಿದೀನಿ. ಎರಡು ಪ್ರಶ್ನೆ ಉಳಿದಿದೆ, ಅಪ್ಪಂಗೆ ಮಂಡಿ ನೋವು, ನಿನ್ ಬಿನ್‌ನಲ್ಲಿ ಹತ್ತೋದು ಜಾಸ್ತಿನಾ? ಮತ್ತೆ ನಾನೂ ಹೆಂಡ್ತಿನೂ ಬೈಕ್ ಬಾಡಿಗೆ ತಗೊಂಡು ಒಂದಿನ ಸುತ್ತಬಹುದಾ, ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ತೀನಿ.

ಹಳೇ ಚಪ್ಪಲಿ:

ಬೈಕ್ ಬೇಡ. ನಮ್ಮಲ್ಲಿ ಕೊಡೋ ಪರ್ಮಿಟ್ 1949ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ್ದು, ಅವರು ಒಪ್ಪೋದು 1968ರದ್ದು. ಬಾಡಿಗೆ ಅಂಗಡಿಯವನು ಏನೂ ಕೇಳ್ದೆ ಕೀ ಕೊಡ್ತಾನೆ, ಆದ್ರೆ ಏನಾದ್ರೂ ಆಯ್ತು ಅಂದ್ರೆ ಲೈಸೆನ್ಸ್ ಇಲ್ದೆ ಓಡಿಸಿದ್ದು ಅಂತ ಇನ್ಶೂರೆನ್ಸ್ ಕೈ ಎತ್ತತ್ತೆ. ನಿನ್ ಬಿನ್‌ನಲ್ಲಿ ಸೈಕಲ್ ತಗೊಳಿ, ಗದ್ದೆ ಬದುವಿನ ಸಿಮೆಂಟ್ ದಾರಿ, ಅದೇ ಚೆಂದ.

ಹಾಂಗ್ ಮುವಾ ಅಂತ ಒಂದು ಗುಡ್ಡ ಇದೆ, 500 ಮೆಟ್ಟಿಲ ಹತ್ರ, ಕಡಿದಾಗಿದೆ, ಅಪ್ಪನ್ನ ಕೆಳಗೆ ತಾವರೆ ಕೊಳದ ಹತ್ರ ಕೂರಿಸಿ ನೀವಿಬ್ರೂ ಹತ್ತಿ ಬನ್ನಿ. ಅವರಿಗೆ ಟ್ರಾಂಗ್ ಆನ್ ದೋಣಿ ಸಾಕು, ಒಂದು ದೋಣೀಲಿ ನಾಲ್ಕು ಜನ, ಮೂರು ಗಂಟೆ ಕೂತೇ ಹೋಗೋದು, ಸುಣ್ಣಕಲ್ಲಿನ ಗುಡ್ಡದ ಹೊಟ್ಟೆ ಒಳಗೆ ನುಗ್ಗಿ ಆಚೆ ಬರತ್ತೆ. ಹುಟ್ಟು ಹಾಕೋರು ಹೆಚ್ಚಾಗಿ ಹೆಂಗಸರು, ಕೆಲವು ಗುಹೆಯಲ್ಲಿ ಕಲ್ಲು ತಲೆಗೆ ತಾಕೋ ಹಂಗಿರತ್ತೆ, ಅವರು ಹಿಂದಿಂದ ಬೆನ್ನು ತಟ್ಟಿದ್ರೆ ಬಗ್ಗಿ ಅಂತ ಅರ್ಥ. ಪಕ್ಕದ ಟಾಮ್ ಕಾಕ್‌ನಲ್ಲಿ ಕಾಲಲ್ಲೇ ಹುಟ್ಟು ಹಾಕ್ತಾರೆ, ಅಪ್ಪಂಗೆ ಅದನ್ನೂ ತೋರಿಸಿ.

ಕ್ರೂಸ್ ವಿಷ್ಯ ಒಂದೇ. ಪಕ್ಕದ ಲಾನ್ ಹಾ ಕೊಲ್ಲಿ ಕಡೆ ಹೋಗೋ ದೋಣಿ ಆರಿಸಿ, ಅದೇ ಗುಡ್ಡ ಅದೇ ನೀರು, ಜನ ಕಡಿಮೆ. ಬಿರುಗಾಳಿ ಮುನ್ಸೂಚನೆ ಇದ್ರೆ ಬಂದರಿನವರು ದೋಣಿ ಬಿಡಲ್ಲ, ಆವಾಗ ಏಜೆಂಟ್ ಹತ್ರ ಜಗಳ ಆಡ್ಬೇಡಿ. 2025ರ ಜುಲೈನಲ್ಲಿ ಹಾಲಾಂಗ್‌ನಲ್ಲಿ ಇದ್ದಕ್ಕಿದ್ದಂಗೆ ಎದ್ದ ಬಿರುಗಾಳಿಗೆ ಪ್ರವಾಸಿ ದೋಣಿ ಮಗುಚಿ ಹತ್ತಾರು ಜನ ಸತ್ರು. ಕ್ರೂಸನ್ನ ಟ್ರಿಪ್ಪಿನ ಮೊದಲ ಅರ್ಧದಲ್ಲೇ ಇಟ್ಕೊಳಿ, ಕ್ಯಾನ್ಸಲ್ ಆದ್ರೆ ಹಿಂದೆ ಮುಂದೆ ಮಾಡೋಕೆ ದಿನ ಕೈಯಲ್ಲಿರತ್ತೆ.

ಕೊಡೆ ಮರೆತವಳು:

ಕ್ರೂಸ್ ಬುಕ್ ಮಾಡೋವಾಗಲೇ ನಾಲ್ಕು ಚಾಯ್ ಊಟ, ಮೊಟ್ಟೆ ಬೇಡ ಅಂತ ಬರೆದು ಕಳ್ಸಿ, ದೋಣಿ ಹತ್ತಿದ್ಮೇಲೆ ಹೇಳಿದ್ರೆ ಅಡುಗೆಯವರ ಹತ್ರ ಸೌತೆಕಾಯಿ ಬಿಟ್ಟು ಏನೂ ಇರಲ್ಲ. ಕೊಡೆ ತಗೊಂಡು ಹೋಗಿ, ನಾನಂತೂ ಮರೆತಿದ್ದೆ.